ರೋಮನ್ ಅಂಕಿ: 49ಕ್ಕೆ ‘ಐಎಲ್’ ಏಕಾಗದು?

ಪ್ರಶ್ನೆ: 1949ನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಹೇಗೆ? 50ರಿಂದ 1 ಕಳೆದರೆ 49 ತಾನೇ, ‘ಐಎಲ್’ ಎಂದರೆ ಸಾಲದೆ? ಕೆಲವು ಗಡಿಯಾರಗಳಲ್ಲಿ 4ಕ್ಕೆ ನಾಲ್ಕು ಗೀಟುಗಳಿರುವುದು ತಪ್ಪೇ?

ಉತ್ತರ: ಸಂಖ್ಯೆಯನ್ನು ಮೊದಲು ಸ್ಥಾನವಾರು ಬಿಡಿಸಿಕೊಳ್ಳಿ: 1000, 900, 40, 9. ರೋಮನ್ ಅಂಕಿಯಲ್ಲಿ ಐ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000; ದೊಡ್ಡದರ ಎಡಕ್ಕೆ ಚಿಕ್ಕದು ಬಂದರೆ ಕಳೆಯಬೇಕು. ಹಾಗಾಗಿ ಇವು ಕ್ರಮವಾಗಿ ಎಂ, ಸಿಎಂ, ಎಕ್ಸ್‌ಎಲ್, ಐಎಕ್ಸ್. ಹಾಗೇ ಜೋಡಿಸಿದರೆ 1949: ಎಂ‑ಸಿಎಂ‑ಎಕ್ಸ್‌ಎಲ್‑ಐಎಕ್ಸ್. ಬಿಡಿಸದೆ ನೇರವಾಗಿ ಬರೆಯಹೊರಟಾಗಲೇ ‘ಐಎಲ್’ನಂಥ ತಪ್ಪು ನುಸುಳುವುದು. ಇಂದಿನ ನಿಯಮದಲ್ಲಿ ಐ ಅಕ್ಷರವನ್ನು ವಿ, ಎಕ್ಸ್‌ಗಳ ಎಡಕ್ಕೆ ಮಾತ್ರ ಇಟ್ಟು ಕಳೆಯಬಹುದು. ಎಕ್ಸ್ ಅನ್ನು ಎಲ್, ಸಿ ಎಡಕ್ಕೆ. ಸಿಯನ್ನು ಡಿ, ಎಂ ಎಡಕ್ಕೆ. ವಿ, ಎಲ್, ಡಿಗಳನ್ನು (5, 50, 500) ಕಳೆಯುವಂತಿಲ್ಲ, ಎರಡು ಸಲ ಬರೆಯುವಂತೆಯೂ ಇಲ್ಲ.

ನಾಲ್ಕು ಗೀಟು ತಪ್ಪಲ್ಲ, ಅದೇ ಹಳೆಯ ಪದ್ಧತಿ. ರೋಮ್‌ನ ಪ್ರಾಚೀನ ಕ್ರೀಡಾಂಗಣ ಕೊಲೊಸಿಯಂನ 44ನೇ ದ್ವಾರದ ಮೇಲೆ ‘ಎಕ್ಸ್‌ಎಲ್’ ಆದಮೇಲೆ ನಾಲ್ಕು ಐ ಕೆತ್ತಿದ್ದಾರೆ. ಒಂದೇ ಸಂಖ್ಯೆಯಲ್ಲಿ 40ಕ್ಕೆ ಕಳೆಯುವ ರೀತಿ, 4ಕ್ಕೆ ಕೂಡುವ ರೀತಿ! ಕಟ್ಟುನಿಟ್ಟು ಬಂದದ್ದು ಬಹಳ ತಡವಾಗಿ.

ಈ ಚಿಹ್ನೆಗಳು ಹುಟ್ಟುವಾಗ ಅಕ್ಷರಗಳಾಗಿರಲಿಲ್ಲ. ಇಟಲಿಯ ಪ್ರಾಚೀನ ಜನಾಂಗವಾದ ಎಟ್ರುಸ್ಕನ್ನರಲ್ಲೂ ಇಂಥವೇ ಗುರುತುಗಳಿದ್ದವು. ಲೆಕ್ಕಕ್ಕಾಗಿ ಕೋಲಿನ ಮೇಲೆ ಕೊರೆದ ಗೀರುಗಳೇ ಮೂಲವೆಂಬುದು ವಿದ್ವಾಂಸರ ಪ್ರಬಲ ಅಭಿಪ್ರಾಯ. ಸಾವಿರಕ್ಕೆ ಮೊದಲು ನಡುವೆ ಗೀಟೆಳೆದ ವೃತ್ತದಂಥ ಚಿಹ್ನೆಯಿತ್ತು. ಅದರ ಬಲ ಅರ್ಧವೇ ಡಿ, ಅಂದರೆ 500. ಸಾವಿರಕ್ಕೆ ‘ಎಂ’ ಬಳಕೆ ನೆಲೆಯೂರಿದ್ದು ಆಮೇಲೆ; ‘ಮಿಲ್ಲೆ’ ಎಂಬ ಲ್ಯಾಟಿನ್ ಪದದ ಮೊದಲಕ್ಷರವೂ ಅದೇ.