ಎರಡು ತಿಂಗಳ ಮಗುವಿನ ಜೊತೆ ಕಾರವಾರ ಕಡಲತೀರಕ್ಕೆ

ಎರಡು ತಿಂಗಳ ಮಗುವನ್ನು ಬೀಚಿಗೆ ಕರೆದುಕೊಂಡು ಹೋಗಬಹುದಾ, ಅಮ್ಮ ಬೇಡ ಅಂತಿದ್ದಾರೆ ಅಂತ ಕೇಳಿದ್ದೀರಿ. ನನ್ನದೂ ಇದೇ ಕಥೆ. 26 ವಾರ ಹೆರಿಗೆ ರಜೆ ಇತ್ತು. ತವರಲ್ಲಿ ಬಾಣಂತನ ಮುಗಿಯುವ ಹೊತ್ತಿಗೆ ಕೋಣೆಯ ಗೋಡೆ ನೋಡಿ ನೋಡಿ ಸಾಕಾಗಿತ್ತು.

ಮಗು ಆರೋಗ್ಯವಾಗಿದ್ದರೆ ಧಾರಾಳವಾಗಿ ಹೋಗಿ. ನಮ್ಮ ಮೊದಲ 'ಪ್ರವಾಸ' ಆರನೇ ವಾರದ ಲಸಿಕೆಗೆ! ಆಮೇಲೆ ಟಾಗೋರ್ ಬೀಚ್. ಬೆಳಿಗ್ಗೆ ಏಳಕ್ಕೆ ಹೋದರೆ ಎಂಟರೊಳಗೆ ಮನೆ. ತಳ್ಳುಗಾಡಿ ಮಾತ್ರ ಬೇಡವೇ ಬೇಡ. ನಾನು ಒಯ್ದಿದ್ದೆ, ಚಕ್ರ ಮರಳಲ್ಲಿ ಹೂತುಹೋಯಿತು. ಕೊನೆಗೆ ಮಗುವನ್ನು ನಮ್ಮವರು ಎತ್ತಿಕೊಂಡರು, ಗಾಡಿಯನ್ನು ನಾನು. ಹತ್ತಿ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳುವುದೇ ಸುಲಭ. ಮೂಗು ಮುಚ್ಚಬಾರದು, ಗದ್ದ ಎದೆಗೆ ಒತ್ತಬಾರದು, ಅಷ್ಟೇ.

ಅಮ್ಮ ಗಾಳಿ ತಾಗುತ್ತೆ ಅಂತ ಉಣ್ಣೆ ಟೊಪ್ಪಿ, ಕಾಲುಚೀಲ ಎಲ್ಲ ಹಾಕಿ ಕಳಿಸಿದ್ದರು. ನಮ್ಮ ಕರಾವಳಿ ಸೆಕೆ ಗೊತ್ತಲ್ವಾ? ಕತ್ತಿನ ಹಿಂದೆ ಕೈಯಿಟ್ಟು ನೋಡಿದರೆ ಪೂರ್ತಿ ಒದ್ದೆ. ಟೊಪ್ಪಿ ಸೀದಾ ಚೀಲಕ್ಕೆ ಹೋಯಿತು. ತೆಳು ಅಂಗಿ, ನೆರಳು ಇದ್ದರೆ ಸಾಕು. ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಹಚ್ಚಬೇಡಿ.

ಶಿರಸಿಯಲ್ಲಿ ಮದುವೆ ಇದೆ, ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತಲೂ ಕೇಳಿದ್ದೀರಿ. ಹೋಗಿ, ಆದರೆ ಘಟ್ಟ ಹತ್ತುವ ಮೊದಲೇ ಹಾಲು ಕುಡಿಸಿ, ತೇಗಿಸಿ. ಮದುವೆಮನೆಯಲ್ಲಿ ಮಗು ಕೈಯಿಂದ ಕೈಗೆ ಹೋಗುತ್ತೆ, ಮುತ್ತು ಬೇರೆ ಕೊಡುತ್ತಾರೆ. ನನಗೆ ಬೀಚಿಗಿಂತ ಅದೇ ಜಾಸ್ತಿ ಭಯ. ಕೆಮ್ಮು, ಶೀತ ಇದ್ದವರ ಕೈಗೆ ಕೊಡಬೇಡಿ, ದಾಕ್ಷಿಣ್ಯ ಬೇಡ. ಈ ವಯಸ್ಸಲ್ಲಿ ಜ್ವರ ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.