ಕ್ಯಾನ್ಯನ್ ಇಳಿಯುವುದು ಸುಲಭ, ಹತ್ತುವುದು?

ಪ್ರಶ್ನೆ: ನಾವು ದಂಪತಿ ಅರಿಜೋನಾದ ಫೀನಿಕ್ಸ್‌ನಲ್ಲಿದ್ದೇವೆ. ಊರಲ್ಲಿದ್ದಾಗ ಕುಮಾರ ಪರ್ವತ ಹತ್ತಿ ಅಭ್ಯಾಸವಿದೆ. ಮೇ ಕೊನೆಯ ರಜೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಗ್ರ್ಯಾಂಡ್‌ವ್ಯೂ ಟ್ರೇಲ್ ಇಳಿದು, ಹಾರ್ಸ್‌ಶೂ ಮೆಸಾ ಎಂಬ ಚಪ್ಪಟೆ ತಲೆಯ ಗುಡ್ಡ ನೋಡಿ ಅದೇ ದಿನ ಮರಳುವ ಆಸೆ. ಬರೀ 3 ಮೈಲಿ ಅಲ್ವಾ? ನೀರು ಎಷ್ಟು ಬೇಕು?

ಉತ್ತರ: 3 ಮೈಲಿ ನಿಜ. ಆದರೆ ಅಷ್ಟರಲ್ಲೇ ಸುಮಾರು 760 ಮೀಟರ್ ಇಳಿಯುತ್ತೀರಿ. ಕುಮಾರ ಪರ್ವತದಲ್ಲಿ ಸುಸ್ತಾಗುವ ಹೊತ್ತಿಗೆ ತುದಿ ಸಿಕ್ಕಿರುತ್ತದೆ. ಇಲ್ಲಿ ಉಲ್ಟಾ. ಕಾಲು ಸೋತ ಮೇಲೆ ಹತ್ತುವುದು ಶುರು, ಅದೂ ನೆತ್ತಿಯ ಮೇಲೆ ಬಿಸಿಲಿದ್ದಾಗ. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಎಂದು ಲೆಕ್ಕ ಹಾಕಿ. ವಾಪಸ್ ತಿರುಗುವ ಸಮಯವನ್ನು ಮೇಲೆಯೇ ನಿಗದಿ ಮಾಡಿಕೊಳ್ಳಿ. ಇಳಿಯುವಾಗ ಎಲ್ಲರಿಗೂ "ಇನ್ನೂ ಸ್ವಲ್ಪ ಹೋಗೋಣ" ಅನ್ನಿಸುತ್ತದೆ.

ಈ ದಾರಿ ಪ್ರವಾಸಿಗರಿಗೆ ಮಾಡಿದ್ದಲ್ಲ. 1893ರ ಹೊತ್ತಿಗೆ ತಾಮ್ರದ ಅದಿರನ್ನು ಹೇಸರಗತ್ತೆಗಳ ಮೇಲೆ ಹೊರಿಸಿ ತರಲು ಗಣಿಯವರು ಕಡಿದದ್ದು. ಮೇಲಿನ ಭಾಗವೇ ಎಲ್ಲಕ್ಕಿಂತ ಕಡಿದು. ಕೆಲವು ತಿರುವುಗಳಲ್ಲಿ ಕಲ್ಲು ಜೋಡಿಸಿ ಹಾಸಿದ್ದಾರೆ, ಕೆಲವು ಕಡೆ ಬಂಡೆಗೆ ಮರದ ದಿಮ್ಮಿಯ ಆಸರೆ ಕೊಟ್ಟು ದಾರಿ ಕಟ್ಟಿದ್ದಾರೆ. ಮೆಟ್ಟಿಲುಗಳ ಎತ್ತರ ಒಂದೊಂದು ಥರ, ಮೇಲೆ ಸಡಿಲ ಜಲ್ಲಿ. ಮಂಡಿಗೆ ಪೆಟ್ಟು ಇಳಿಯುವಾಗಲೇ. ಎರಡು ಟ್ರೆಕಿಂಗ್ ಕೋಲು ಇರಲಿ. ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ, ಶೂ ಲೇಸ್ ಬಿಗಿ ಮಾಡಿ. ಇಲ್ಲದಿದ್ದರೆ ಹೆಬ್ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ.

ದಾರಿಯಲ್ಲಿ ಕುಡಿಯುವ ನೀರಿಲ್ಲ. ಕುಮಾರ ಪರ್ವತದ ದಾರಿಯ ಗಿರಿಗದ್ದೆಯ ಥರ ನಡುವೆ ಕೂತು ಉಣ್ಣುವ ಮನೆಯೂ ಇಲ್ಲ. ಒಬ್ಬರಿಗೆ 4 ಲೀಟರ್‌ಗಿಂತ ಕಡಿಮೆ ಬೇಡ. ಬರೀ ನೀರು ಕುಡಿಯುತ್ತಾ ಹೋಗುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಚಕ್ಕುಲಿ, ಕೋಡುಬಳೆ, ಉಪ್ಪು ಹಾಕಿದ ಕಡಲೆಕಾಯಿ ಒಯ್ಯಿರಿ. ಹಸಿವಾಗದಿದ್ದರೂ ಆಗಾಗ ಬಾಯಾಡಿಸಿ.

ಇಳಿದಷ್ಟೂ ಸೆಕೆ ಜಾಸ್ತಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಹತ್ತಬೇಡಿ ಎಂದು ಪಾರ್ಕ್‌ನವರೇ ಹೇಳುತ್ತಾರೆ. ಮೇ ಕೊನೆಯಲ್ಲಿ ಆ ಹೊತ್ತು ತಪ್ಪಿಸಿ ಮೆಸಾ ಮುಗಿಸುವುದು ಕಷ್ಟ. ಹಾಗಾಗಿ ಈ ಸಲ ಬೆಳಕು ಹರಿಯುವಾಗ ಹೊರಟು, ಸುಮಾರು ಒಂದು ಮೈಲಿ ಕೆಳಗೆ, ಎರಡು ಎತ್ತರಗಳ ನಡುವಿನ ತಗ್ಗಾದ ಕೊಕೊನಿನೊ ಸ್ಯಾಡಲ್‌ವರೆಗೆ ಹೋಗಿ ಬನ್ನಿ. ನೋಟಕ್ಕೇನೂ ಕೊರತೆಯಿಲ್ಲ. ಮೆಸಾಕ್ಕೆ ಅಕ್ಟೋಬರ್ ಒಳ್ಳೆಯದು. ಚಳಿಗಾಲಕ್ಕೆ ಮುಂದೂಡಿದರೆ ಮೇಲಿನ ತಿರುವುಗಳಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ, ಶೂಗೆ ಹಾಕುವ ಮುಳ್ಳುಪಟ್ಟಿ ಬೇಕಾಗುತ್ತದೆ.