ಬಿದ್ದ ಹಲಸಿಗೆ ದೊಡ್ಡ ಲೇತ್ ಬೇಕೇ?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಮರ ಕಡೆಯುವ ಪುಟ್ಟ ಲೇತ್ ತೆಗೆದುಕೊಂಡೆ. ಎರಡು ವರ್ಷದಲ್ಲಿ ಪೆನ್ನು, ಬುಗುರಿ, ಕುಂಕುಮದ ಭರಣಿ ಕಡೆದಿದ್ದೇನೆ. ಈ ಮಳೆಗಾಲದಲ್ಲಿ ಮನೆ ಹಿಂದಿನ ಹಲಸಿನ ಮರ ಬಿತ್ತು. ಅದರಲ್ಲಿ 14 ಇಂಚಿನ ಬಟ್ಟಲು ಮಾಡುವ ಆಸೆ. ನನ್ನ ಲೇತ್‌ನಲ್ಲಿ 10 ಇಂಚಿಗಿಂತ ದೊಡ್ಡದು ಕೂರುವುದಿಲ್ಲ. ದೊಡ್ಡದು ತೆಗೆದುಕೊಳ್ಳಲೇ? ಮನೆಯಲ್ಲಿ ತ್ರೀ ಫೇಸ್ ಕರೆಂಟ್ ಇಲ್ಲ.
– ಓದುಗರೊಬ್ಬರು, ಕಾಪು

ಉತ್ತರ: ತೆಗೆದುಕೊಳ್ಳಿ, ಆದರೆ ಈ ವರ್ಷ ಬೇಡ. ಮರ ಬಿತ್ತು ಅಂತ ಮೆಷಿನ್ ಕೊಂಡವರಲ್ಲಿ ನಾನೂ ಒಬ್ಬ.

ಬ್ರಹ್ಮಾವರದ ನಮ್ಮ ಮನೆಯಲ್ಲಿ ದನಗಳನ್ನು ಕೊಟ್ಟ ಮೇಲೆ ಖಾಲಿಯಿದ್ದ ಹಟ್ಟಿಯಲ್ಲಿ ನನ್ನ ಲೇತ್ ಇದೆ. ದೊಡ್ಡ ಲೇತ್ ಬಂದ ವಾರವೇ 12 ಇಂಚಿನ ಮಾವಿನ ತುಂಡನ್ನು ಫೇಸ್‌ಪ್ಲೇಟಿಗೆ, ಅಂದರೆ ಲೇತ್‌ನಲ್ಲಿ ತಿರುಗುವ ಲೋಹದ ತಟ್ಟೆಗೆ, ಬಿಗಿದೆ. ಕೈಗೆ ಸಿಕ್ಕಿದ್ದು ಜಿಪ್ಸಂ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ. ಅದು ಬಾಗುವ ಜಾತಿಯಲ್ಲ, ಪಟ್ಟನೆ ಮುರಿಯುತ್ತದೆ. ವೇಗ ಎಷ್ಟಕ್ಕಿದೆ ಅಂತಲೂ ನೋಡದೆ ಸ್ವಿಚ್ ಒತ್ತಿದೆ. ತುಂಡು ಹಾರಿ ಮಾಡಿನ ಎರಡು ಹಂಚು ಒಡೆದು, ತೆಂಗಿನ ಬುಡದಲ್ಲಿ ಹೋಗಿ ಬಿತ್ತು. ಹೊಸ ಹಂಚು ಎರಡರ ಬಣ್ಣ ಈಗಲೂ ಬೇರೆ. ತಲೆ ಎತ್ತಿದಾಗೆಲ್ಲ ಕಾಣುತ್ತದೆ.

ವೇಗಕ್ಕೆ ಒಂದು ಲೆಕ್ಕ ಇದೆ. ತುಂಡಿನ ಅಗಲವನ್ನು ಇಂಚಿನಲ್ಲಿ ಹಿಡಿದು, ನಿಮಿಷಕ್ಕೆ ಎಷ್ಟು ಸುತ್ತೋ ಅದರಿಂದ ಗುಣಿಸಿ. 6,000ದಿಂದ 9,000ದ ಒಳಗೆ ಬರಬೇಕು. ನಿಮ್ಮ 14 ಇಂಚಿಗೆ ಸುಮಾರು 430ರಿಂದ 640 ಸುತ್ತು. ಅದೂ ತುಂಡು ಗುಂಡಗಾದ ಮೇಲೆ. ಮಿಲ್ಲಿನಿಂದ ಬಂದ ಹಸಿ ತುಂಡು ಒಂದು ಕಡೆ ಭಾರ, ಒಂದು ಕಡೆ ಹಗುರ. ಅದನ್ನು 300ರ ಕೆಳಗೇ ಶುರು ಮಾಡಬೇಕು. ಪುಟ್ಟ ಲೇತ್‌ಗಳು ಎಷ್ಟೋ 500ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. 5 ಇಂಚು ದಪ್ಪದ ಅಂಥ ಹಲಸಿನ ತುಂಡು 10 ಕಿಲೋ ದಾಟುತ್ತದೆ. 600 ಸುತ್ತಿನಲ್ಲಿ ಅದರ ಅಂಚು ಗಂಟೆಗೆ 40 ಕಿಲೋಮೀಟರ್ ಓಡುತ್ತದೆ. ಉಡುಪಿ ಪೇಟೆಯಲ್ಲಿ ಸ್ಕೂಟರ್ ಕೂಡ ಅಷ್ಟು ಓಡುವುದಿಲ್ಲ, ಅಲ್ವಾ?

ಅಂಗಡಿಯವರು ಇಂಚಿನ ಲೆಕ್ಕ ಹೇಳುತ್ತಾರೆ. ನೀವು ಕೇಳಬೇಕಾದದ್ದು ಲೇತ್ ಎಷ್ಟು ಕಿಲೋ, ಎಷ್ಟು ನಿಧಾನಕ್ಕೆ ತಿರುಗುತ್ತದೆ ಅಂತ. ಭಾರ ಇಲ್ಲದ ಲೇತ್ ದೊಡ್ಡ ತುಂಡು ಹಾಕಿದ ಕೂಡಲೇ ನಡೆಯಲು ಶುರು ಮಾಡುತ್ತದೆ. ತುಂಡನ್ನು ಕಚ್ಚಿ ಹಿಡಿಯುವ ನಿಮ್ಮ ಈಗಿನ ಚಕ್ ಹೊಸದಕ್ಕೆ ಕೂರುತ್ತದೆಯೇ ಅಂತಲೂ ನೋಡಿ. ಚಕ್ ಕೂರುವ ಸ್ಪಿಂಡಲಿನ (ತಿರುಗುವ ದಂಡದ) ಥ್ರೆಡ್ ಕೆಲವದರಲ್ಲಿ ಒಂದು ಇಂಚು, ಕೆಲವದರಲ್ಲಿ 33 ಎಂಎಂ. ಕರೆಂಟಿನ ಚಿಂತೆ ಬೇಡ. 2 ಎಚ್‌ಪಿವರೆಗಿನ ಎಷ್ಟೋ ಲೇತ್‌ಗಳು ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇಟ್ಟುಕೊಂಡು ಸಿಂಗಲ್ ಫೇಸಿನಲ್ಲೇ ಓಡುತ್ತವೆ.

ಮೆಷಿನ್ ಕಾಯುತ್ತದೆ, ಹಲಸು ಕಾಯುವುದಿಲ್ಲ. ದಿಮ್ಮಿಯನ್ನು ತಿರುಳಿನ ಉದ್ದಕ್ಕೆ ಸೀಳಿಸಿ, ತಿರುಳಿನ ಪಟ್ಟಿ ತೆಗೆಸಿಬಿಡಿ. ಬಿರುಕು ಜಾಸ್ತಿ ಶುರುವಾಗುವುದೇ ಅಲ್ಲಿ. ಎರಡೂ ತುದಿಗೆ ಮೇಣದ ಬತ್ತಿ ಕರಗಿಸಿ ಬಳಿಯಿರಿ. ಆಮೇಲೆ 8 ಇಂಚಿನ ತುಂಡು ಮಾಡಿಕೊಂಡು ನಿಮ್ಮ ಪುಟ್ಟ ಲೇತ್‌ನಲ್ಲೇ ಹಸಿಯಾಗಿ ಕಡೆಯಿರಿ. ಗೌಜ್ (ದೋಣಿಯಂತೆ ಬಾಗಿದ ಬಾಯಿಯ ಉಳಿ) ಹರಿತ ಇದ್ದರೆ ಹಳದಿ ಸಿಪ್ಪೆ ಉದ್ದಕ್ಕೆ ಹಾರಿ ಭುಜದ ಮೇಲೆ ಬೀಳುತ್ತದೆ, ಮುಖಕ್ಕೆ ನೀರು ಸಿಡಿಯುತ್ತದೆ. ತೊಗಟೆಯ ಹತ್ತಿರ ಸೊನೆ ಅಂಟುತ್ತದೆ, ಹಣ್ಣು ಬಿಡಿಸುವಾಗಿನ ಹಾಗೇ ಮೊದಲೇ ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಹಿಡಿ ಜಾರದಂತೆ ಒರೆಸಿಕೊಳ್ಳಿ. ಪೆನ್ನಿಗೆ ಬಳಸುವ ರಫಿಂಗ್ ಗೌಜನ್ನು ಮಾತ್ರ ಬಟ್ಟಲಿಗೆ ಹಾಕಬೇಡಿ. ಹಿಡಿಯೊಳಗೆ ಹೋಗುವ ಅದರ ಬಾಲ ತೆಳು, ಮುರಿಯುತ್ತದೆ.

ಬಟ್ಟಲಿನ ಗೋಡೆಯ ದಪ್ಪ ಮುಕ್ಕಾಲು ಇಂಚು ಬಿಡಿ. ಅಗಲದ ಹತ್ತರಲ್ಲೊಂದು ಪಾಲು ಅಂತ ಲೆಕ್ಕ. ಪೇಪರಿನಲ್ಲಿ ಸುತ್ತಿ ಅಟ್ಟದಲ್ಲಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಳದಲ್ಲಿ ಪೆನ್ಸಿಲಿನಿಂದ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ನಮ್ಮ ಕರಾವಳಿಯಲ್ಲಿ ಅದೂ ನೆಚ್ಚುವ ಹಾಗಿಲ್ಲ. ಮೇ ತಿಂಗಳಲ್ಲಿ 640 ಗ್ರಾಂ ಇದ್ದ ನನ್ನ ಬಟ್ಟಲು ಜುಲೈಯಲ್ಲಿ 670 ಆಗಿತ್ತು. ಸುಮ್ನೆ ಅಟ್ಟದಲ್ಲಿ ಕೂತು ಗಾಳಿಯ ನೀರು ಕುಡಿದಿತ್ತು! ಹಾಗಾಗಿ ಕೊನೆಯ ಕಡೆತ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಒಣಗುವಾಗ ಬಟ್ಟಲು ಸೊಟ್ಟಗಾಗಿರುತ್ತದೆ. ದಪ್ಪ ಬಿಡುವುದು ಅದಕ್ಕೇ.

ಹೀಗೆ 20 ಬಟ್ಟಲು ಆಗಲಿ. ಇಪ್ಪತ್ತನೆಯದರಲ್ಲಿ ಉಳಿ ಒಮ್ಮೆಯೂ ಮರದಲ್ಲಿ ಸಿಕ್ಕಿ ಕಚ್ಚದಿದ್ದರೆ ದೊಡ್ಡ ಲೇತ್ ನೋಡಲು ಹೋಗಿ. ಅಗಲದ ದಿಮ್ಮಿ ಒಂದೆರಡಕ್ಕೆ ಮೇಣ ಬಳಿದು ನೆರಳಲ್ಲಿ ಇಟ್ಟಿರಿ.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಲೇತ್ ಮುಟ್ಟಿದ್ದೇ ಇಲ್ಲ. ಕಡಗೋಲಿನಿಂದ ಶುರು ಮಾಡಬಹುದೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಉಡುಪಿಯ ಕೃಷ್ಣನ ಕೈಯಲ್ಲಿರುವುದೂ ಕಡಗೋಲೇ. ಬೆಣ್ಣೆ ತೆಗೆಯುವುದೂ ಕಡೆಯುವುದೇ, ಮರದಲ್ಲಿ ಬುಗುರಿ ತೆಗೆಯುವುದೂ ಕಡೆಯುವುದೇ. ಹಳೆಯ ಕೈಲೇತ್‌ನಲ್ಲಿ ಮರಕ್ಕೆ ಹಗ್ಗ ಸುತ್ತಿ, ಮಜ್ಜಿಗೆ ಕಡೆದ ಹಾಗೇ ಹಿಂದೆ ಮುಂದೆ ಎಳೆಯುತ್ತಿದ್ದರು. ಆದರೆ ಉದ್ದದ ತೆಳು ಕೋಲು ಲೇತ್‌ನಲ್ಲಿ ನಡುಗುತ್ತದೆ, ಹೊಸಬರಿಗೆ ಬೇಡ. ಬುಗುರಿ ಮಾಡಿ. ಚನ್ನಪಟ್ಟಣದವರು ಹಾಲೆ ಮರದಲ್ಲಿ ಕಡೆದು, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಕೇದಗೆಯ ಎಲೆಯಲ್ಲಿ ತಿಕ್ಕಿ ಹೊಳಪು ತರುತ್ತಾರೆ. ಕೇದಗೆ ನಮ್ಮ ತೋಡಿನ ಬದಿಯಲ್ಲಿ ಬೇಕಾದಷ್ಟಿದೆ, ಮುಳ್ಳು ತೆಗೆದುಕೊಂಡು ಬಳಸಿ. ಮತ್ತೆ, ಇರುವ ದುಡ್ಡೆಲ್ಲ ಲೇತ್‌ಗೇ ಹಾಕಬೇಡಿ. ಉಳಿ ಮಸೆಯಲು ಒಂದು ಗ್ರೈಂಡರ್ ಬೇಕೇ ಬೇಕು.

ಪ್ರಶ್ನೆ: ಸೆಕೆ ತಡೆಯಲಾಗುವುದಿಲ್ಲ. ಲುಂಗಿ ಉಟ್ಟು ಕಡೆಯಬಹುದೇ?
– ಓದುಗರೊಬ್ಬರು, ಮೂಲ್ಕಿ

ಉತ್ತರ: ಬೇಡ. ಹೆಗಲ ಮೇಲೆ ಬೈರಾಸೂ ಬೇಡ. ಚಡ್ಡಿ, ಅರ್ಧ ತೋಳಿನ ಅಂಗಿ, ಶೂ, ಮುಖಕ್ಕೆ ಶೀಲ್ಡ್. ಕೈಗವಸು ಹಾಕಲೇಬೇಡಿ, ಮರ ಅದನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸರ, ಜನಿವಾರ ಅಂಗಿಯೊಳಗೆ ಇರಲಿ. ಫ್ಯಾನ್ ಪಕ್ಕದಿಂದ ಬೀಸಲಿ. ಆದರೂ ಸೆಕೆಯಾದರೆ ಬೆಳಿಗ್ಗೆ ಆರಕ್ಕೇ ಎದ್ದು ಕಡೆಯಿರಿ. ಪಕ್ಕದ ಮನೆಯವರು ಸದ್ದಿನ ವಿಷಯ ತೆಗೆದರೆ ಅವರ ಮಕ್ಕಳಿಗೆ ಒಂದು ಬುಗುರಿ ಕೊಡಿ.